ಎಲ್ಲ ಮಕ್ಕಳೂ ಎರಡೂವರೆ ಕೆಜಿ: ರಾಯಚೂರು ಜಿಲ್ಲೆಯ ಆಸ್ಪತ್ರೆಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ, ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳನ್ನು ನಡೆಸುತ್ತಿರುವ ಎಲ್ಲ ಡಾಕ್ಟರ್ ಸಾಹೇಬರಿಗೆ,

ನಮಸ್ಕಾರ. ನಾನು ಡಾಕ್ಟರ್ ಅಲ್ಲ. ಆಸ್ಪತ್ರೆಯ ರೆಕಾರ್ಡ್ ರೂಮಿನಲ್ಲಿ ಕೂತು ಮೂವತ್ತು ವರ್ಷ ಸವೆಸಿದವನು. ಕೇಸ್ ಶೀಟು ಕಟ್ಟಿಡುವುದು, ರಿಜಿಸ್ಟರ್ ಜೋಡಿಸುವುದು, ತಿಂಗಳ ಕೊನೆಗೆ ವರದಿ ತುಂಬಿ ಮೇಲಕ್ಕೆ ಕಳಿಸುವುದು ನನ್ನ ಕೆಲಸವಾಗಿತ್ತು. ಈಗ ನಿವೃತ್ತಿಯಾಗಿದೆ, ಕೈಯಲ್ಲಿ ಬೇಕಾದಷ್ಟು ಹೊತ್ತಿದೆ. ಹೇಳದೆ ಉಳಿದ ಮಾತೊಂದಿದೆ. ಕೆಲಸದಲ್ಲಿದ್ದಾಗ ಹೇಳಿದ್ದರೆ ನೋಟಿಸ್ ಬರುತ್ತಿತ್ತು, ಈಗ ಪಿಂಚಣಿ ಬರುತ್ತಿದೆ, ಹಾಗಾಗಿ ಧೈರ್ಯ ಬಂದಿದೆ.

ಹೆರಿಗೆ ವಾರ್ಡಿನ ರಿಜಿಸ್ಟರಿನಿಂದ ಶುರು ಮಾಡುತ್ತೇನೆ. ನೀವೆಲ್ಲ ನೋಡಿರುತ್ತೀರಿ. ಉದ್ದನೆಯ ಪುಸ್ತಕ, ಎರಡು ಪುಟ ಸೇರಿ ಒಂದು ಸಾಲು. ತಾಯಿಯ ಹೆಸರು, ಊರು, ತಾಯಿ ಕಾರ್ಡಿನ ನಂಬರು, ಹೆರಿಗೆಯಾದ ಹೊತ್ತು, ಗಂಡೋ ಹೆಣ್ಣೋ, ಮಗುವಿನ ತೂಕ. ಒಂದು ಮಳೆಗಾಲದ ಮಧ್ಯಾಹ್ನ ಕರೆಂಟು ಹೋಗಿತ್ತು. ಕಂಪ್ಯೂಟರ್ ಇಲ್ಲ ಅಂತ ಸುಮ್ನೆ ಆ ರಿಜಿಸ್ಟರ್ ತಿರುವುತ್ತಾ ಕೂತೆ. ತೂಕದ ಕಾಲಮ್ಮಿನ ಮೇಲೆ ಬೆರಳಿಟ್ಟು ಕೆಳಗಿಳಿದೆ. 2.5, 2.5, 3, 2.5, 2.8, 2.5, 2.5, 3, 2.5. ಪುಟ ಮಗುಚಿದೆ, ಅಲ್ಲೂ ಅದೇ. 2.4 ಕೆಜಿಯ ಮಗು ಹುಡುಕಿದರೂ ಸಿಗಲಿಲ್ಲ. ನಮ್ಮ ತಾಲ್ಲೂಕಿನಲ್ಲಿ ಮಕ್ಕಳು ಅಚ್ಚಿನಲ್ಲಿ ಹೊಯ್ದ ಬೆಲ್ಲದ ಹಾಗೆ ಹುಟ್ಟುತ್ತಿದ್ದವು!

ಈ ಎರಡೂವರೆ ಯಾಕೆ ಮುಖ್ಯ ಅಂತ ನಿಮಗೆ ಗೊತ್ತು, ಓದುವ ಜನರಿಗೆ ಗೊತ್ತಿರಲಿಕ್ಕಿಲ್ಲ. ಹುಟ್ಟಿದಾಗ ಎರಡೂವರೆ ಕೆಜಿಗಿಂತ ಕಮ್ಮಿ ಇದ್ದರೆ ಅದು ಕಡಿಮೆ ತೂಕದ ಮಗು ಅಂತ ಲೆಕ್ಕ. ಅಂಥ ಮಗುವನ್ನು ಬೆಚ್ಚಗಿಡಬೇಕು. ಹಾಲು ಎಳೆಯುತ್ತಿದೆಯಾ ಅಂತ ಮೇಲಿಂದ ಮೇಲೆ ನೋಡಬೇಕು. ಎದೆಗೆ ಅವುಚಿ ಇಟ್ಟುಕೊಳ್ಳುವುದನ್ನು ತಾಯಿಗೆ ಹೇಳಿಕೊಡಬೇಕು. 2.3 ಇದ್ದದ್ದನ್ನು 2.5 ಅಂತ ಬರೆದರೆ ಕಾಗದದ ಮೇಲೆ ಆ ಮಗು ಗಟ್ಟಿಮುಟ್ಟು. ಯಾರೂ ತಿರುಗಿ ನೋಡುವುದಿಲ್ಲ.

ಸಿಸ್ಟರ್ ಒಬ್ಬರನ್ನು ಕೇಳಿದೆ. ಅವರು ನಕ್ಕರು. “ಸರ, ರಾತ್ರಿ ಪಾಳಿಗೆ ನಾ ಒಬ್ಬಾಕಿನೇ. ಆ ಕಡೆ ಒಬ್ಬಾಕಿ ಬ್ಯಾನಿ ತಿನ್ನಾಕತ್ತಿರ್ತಾಳ, ಈ ಕಡೆ ಕೂಸು ಅಳ್ತಿರ್ತೈತಿ. ತಕ್ಕಡಿ ಸೆಲ್ ಹೋಗಿ ಎರಡು ತಿಂಗಳಾತು. ಎರಡೂವರಿ ಅಂದ್ರ ಎರಡೂಕಾಲಿಂದ ಎರಡೂಮುಕ್ಕಾಲ ತನಕ ಅಂತ ತಿಳ್ಕೊಳ್ರಿ.” ಆಮೇಲೆ ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದರು. “ಕಮ್ಮಿ ಬರದ್ರ ಮೀಟಿಂಗ್‌ನಾಗ ನಿಲ್ಲಿಸಿ ಕೇಳ್ತಾರ್ರಿ, ಯಾಕ ಇಷ್ಟು ಮಂದಿ ಕಮ್ಮಿ ತೂಕದವು ಅಂತ. ಬರದಾಕೀನ ಕಳ್ಳಿ ಆಗ್ತಾಳ.”

ಈ ಎರಡನೇ ಮಾತು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು. ಸೆಲ್ ಹಾಕಿಸುವುದು ದೊಡ್ಡ ಕೆಲಸವಲ್ಲ. ಆದರೆ ನಿಜ ಬರೆದವಳಿಗೆ ಬೈಗುಳ, ದುಂಡಗೆ ಬರೆದವಳಿಗೆ ಶಭಾಷ್ ಅಂದರೆ, ಯಾವ ತಕ್ಕಡಿ ತಂದಿಟ್ಟರೂ ಎರಡೂವರೆಯೇ ಬರುತ್ತದೆ ಅಲ್ವಾ?

ನಾನು ಹೇಳಬೇಕಾದದ್ದು ಇಷ್ಟೇ. ನಮ್ಮ ಆಸ್ಪತ್ರೆಗಳಿಂದ ಅಂಕಿ ಮೇಲಿನ ಕಚೇರಿಗಳಿಗೆ ಹತ್ತುತ್ತದೆ, ವಾಪಸ್ ಕೆಳಗೆ ಇಳಿಯುವುದಿಲ್ಲ. ಮೊದಲು ಕಾರ್ಬನ್ ಹಾಕಿ ಮೂರು ಪ್ರತಿ ಬರೆಯುತ್ತಿದ್ದೆ. 2008ರಲ್ಲಿ ಎಚ್‌ಎಂಐಎಸ್ ಅನ್ನುವ, ಆಸ್ಪತ್ರೆಗಳ ಲೆಕ್ಕ ತುಂಬುವ ಸರ್ಕಾರಿ ವೆಬ್ ವ್ಯವಸ್ಥೆ ಬಂತು, ಆಮೇಲೆ ಕಂಪ್ಯೂಟರಿಗೆ ತುಂಬಿದೆವು. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ರಾಯಚೂರಿಗೆ, ಅಲ್ಲಿಂದ ಬೆಂಗಳೂರಿಗೆ, ದಿಲ್ಲಿಗೆ. ಆ ಮೂವತ್ತು ವರ್ಷದಲ್ಲಿ ಒಂದೇ ಒಂದು ಸಲವಾದರೂ ಯಾರಾದರೂ ಆ ಸಿಸ್ಟರ್‌ಗೆ “ನಿಮ್ಮ ವಾರ್ಡಿನ ಮೂರು ತಿಂಗಳ ಲೆಕ್ಕ ನೋಡ್ರಿ, ಇಲ್ಲೊಂದು ಬದಲಾವಣೆ ಕಾಣ್ತೈತಿ” ಅಂತ ಒಂದು ಹಾಳೆ ವಾಪಸ್ ಕಳಿಸಿದ್ದು ನಾನು ನೋಡಿಲ್ಲ. ವಾಪಸ್ ಬಂದದ್ದು ಫೋನು ಮಾತ್ರ. “ನಲವತ್ತನೇ ಕಾಲಂ ಖಾಲಿ ಇದೆ, ತುಂಬಿ.”

ಖಾಲಿ ಅಂದಾಗ ನೆನಪಾಯಿತು. ಖಾಲಿ ಬೇರೆ, ಸೊನ್ನೆ ಬೇರೆ. ಹಾವು ಕಡಿದು ಈ ತಿಂಗಳು ಯಾರೂ ಬರಲಿಲ್ಲ ಅಂದರೆ ಸೊನ್ನೆ. ಬಂದಿದ್ದರೋ ಇಲ್ಲವೋ ಯಾರೂ ನೋಡಲಿಲ್ಲ ಅಂದರೆ ಖಾಲಿ. ಫೋನು ಬಂದ ಕೂಡಲೇ ನಾವು ಖಾಲಿ ಇದ್ದ ಕಡೆಯೆಲ್ಲ ಸೊನ್ನೆ ಹೊಡೆಯುತ್ತಿದ್ದೆವು. ನಾನೂ ಹೊಡೆದಿದ್ದೇನೆ, ಒಪ್ಪಿಕೊಳ್ಳುತ್ತೇನೆ. ಅಲ್ಲಿಗೆ “ಗೊತ್ತಿಲ್ಲ” ಅನ್ನುವುದು “ಇಲ್ಲ” ಆಗಿ ದಿಲ್ಲಿಯವರೆಗೆ ಹೋಯಿತು.

ಇನ್ನು ಹೆಸರಿನ ಪಜೀತಿ. ನಮ್ಮ ಕಡೆ, ಕೊಪ್ಪಳದ ಕಡೆ ಹುಲಿಗೆಮ್ಮ ಅನ್ನುವ ಹೆಸರು ಮನೆಗೊಂದು. ಒಂದೇ ವಾರದಲ್ಲಿ ಮೂರು ಹುಲಿಗೆಮ್ಮರು ಹೆರಿಗೆಗೆ ಬಂದರೆ ಆಶ್ಚರ್ಯವಿಲ್ಲ. ಗಂಡನ ಮನೆ ಊರಿನಲ್ಲಿ ತಾಯಿ ಕಾರ್ಡು ಮಾಡಿಸಿದಾಗ ಅವಳು “ಹುಲಿಗೆಮ್ಮ ಗಂಡ ಬಸಪ್ಪ”. ಏಳನೇ ತಿಂಗಳಿಗೆ ತವರಿಗೆ ಬಂದಾಗ, ಕಾರ್ಡು ಅಲ್ಲೇ ಮರೆತು ಬಂದಿದ್ದರೆ, “ಹುಲಿಗೆಮ್ಮ ತಂದೆ ಹನುಮಂತ”. ಲೆಕ್ಕದಲ್ಲಿ ಇಬ್ಬರು ಗರ್ಭಿಣಿಯರು, ಹೆರಿಗೆ ಒಂದು. ಅವರ ಮನೆಯವರು ಗುಳೆ ಹೋಗಿ ಬೆಂಗಳೂರಿನ ಯಾವುದೋ ಕಟ್ಟಡದ ಕೆಲಸದಲ್ಲಿದ್ದರೆ ಅಲ್ಲೂ ಒಂದು ಕಾರ್ಡು ಆಗಿರುತ್ತದೆ. ಆಗ ಮೂವರು. ಆಮೇಲೆ ಮೀಟಿಂಗಿನಲ್ಲಿ “ನೋಂದಣಿಯಾದ ಗರ್ಭಿಣಿಯರು ಇಷ್ಟು, ಹೆರಿಗೆ ಇಷ್ಟೇ, ಉಳಿದವರು ಎಲ್ಲಿ ಹೋದರು” ಅಂತ ಆಶಾ ಅಕ್ಕಂದಿರ ಮೇಲೆ ಕೂಗಾಟ. ಉಳಿದವರು ಎಲ್ಲೂ ಹೋಗಿಲ್ಲ ಸಾಹೇಬರೆ. ಅವರು ಇರಲೇ ಇಲ್ಲ.

ಹೀಗೆ ಇಲ್ಲದವರು ಲೆಕ್ಕಕ್ಕೆ ಸೇರುತ್ತಾರೆ, ಇದ್ದವರು ಬಿಟ್ಟುಹೋಗುತ್ತಾರೆ. ಬಾಣಂತಿ ಸತ್ತರೆ ಅದನ್ನು ತಾಯಿ ಸಾವು ಅಂತ ಎಣಿಸಬೇಕಾದ ಅವಧಿ ಹೆರಿಗೆಯಾದ ಮೇಲೆ 42 ದಿನ. ನಮ್ಮ ಆಸ್ಪತ್ರೆಯಲ್ಲಿ ಅವಳು ಇರುವುದು ಮೂರು ದಿನ, ಸಿಸೇರಿಯನ್ ಆದರೆ ಒಂದು ವಾರ. ರಿಜಿಸ್ಟರಿನಲ್ಲಿ “ತಾಯಿ ಮಗು ಆರೋಗ್ಯ, ಬಿಡುಗಡೆ” ಅಂತ ಬರೆದು ನಾವು ಪುಟ ಮಗುಚುತ್ತೇವೆ. ಇಪ್ಪತ್ತನೇ ದಿನ ಜ್ವರ ಏರಿ ಅವಳು ತವರಿನಲ್ಲೋ, ಕರ್ನೂಲಿಗೆ ಹೋಗುವ ದಾರಿಯಲ್ಲೋ ತೀರಿಕೊಂಡರೆ ಹೆರಿಗೆ ಮಾಡಿಸಿದ ವಾರ್ಡಿಗೆ ಸುದ್ದಿಯೇ ಇಲ್ಲ. ನಾವು ಗಡಿ ಜಿಲ್ಲೆಯವರು. ರಾಯಚೂರಿನ ಜನ ಕರ್ನೂಲು, ಹೈದರಾಬಾದಿಗೆ ಓಡುತ್ತಾರೆ. ಆದೋನಿ, ಗುಂತಕಲ್ ಕಡೆಯವರು ಬಳ್ಳಾರಿಗೆ ಬರುತ್ತಾರೆ. ಸಾವು ನೋಂದಣಿಯಾಗುವುದು ಸಾವು ಆದ ಜಾಗದಲ್ಲಿ. ನಮ್ಮೂರ ಹೆಣ್ಣುಮಗಳ ಸಾವು ಇನ್ನೊಂದು ರಾಜ್ಯದ ಪುಸ್ತಕದಲ್ಲಿ.

ತಮಾಷೆ ಅಂದರೆ ಈ ಸುದ್ದಿ ಗೊತ್ತಿರುವ ಒಬ್ಬರು ಊರಲ್ಲೇ ಇದ್ದಾರೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಹೋಗಲೇಬೇಕು. 42ನೇ ದಿನ ಆ ಅಂಗಳದಲ್ಲಿ ನಿಂತಿರುವವಳು ಅವಳೇ. ಅವಳ ಪುಸ್ತಕದಲ್ಲಿ ಎಲ್ಲ ಇದೆ. ಆ ಪುಸ್ತಕ ಒಂದು ದಾರಿ ಹಿಡಿದು ಮೇಲೆ ಹೋಗುತ್ತದೆ, ನಮ್ಮ ರಿಜಿಸ್ಟರ್ ಇನ್ನೊಂದು ದಾರಿ. ಎರಡೂ ಒಂದೇ ಮೇಜಿನ ಮೇಲೆ ಬಂದದ್ದನ್ನು ನಾನು ಕಾಣಲಿಲ್ಲ. ತಿಂಗಳಿಗೆ ಒಂದು ದಿನ ಎರಡನ್ನೂ ಪಕ್ಕ ಪಕ್ಕ ಇಟ್ಟು, ಹೆರಿಗೆಯಾಗಿ ಹೋದವರ ಹೆಸರಿನ ಮುಂದೆ “42ನೇ ದಿನ: ಆರಾಮ” ಅಥವಾ “ತೀರಿಕೊಂಡರು” ಅಂತ ಒಂದು ಗುರುತು ಹಾಕಿದರೆ ಸಾಕು. ಇದಕ್ಕೆ ಹೊಸ ಸಾಫ್ಟ್‌ವೇರ್ ಬೇಡ. ದಯವಿಟ್ಟು ಇನ್ನೊಂದು ಆ್ಯಪ್ ಮಾತ್ರ ತರಬೇಡಿ.

ಸಾವಿನ ಕಾರಣದ ಮಾತಿಗೆ ಬರುತ್ತೇನೆ. ನಾನು ಕಟ್ಟಿಟ್ಟ ಕೇಸ್ ಶೀಟುಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಕಂಡ ಕಾರಣ “ಹೃದಯ ಮತ್ತು ಉಸಿರಾಟ ಸ್ತಂಭನ”. ಹೃದಯ ನಿಲ್ಲದೆ ಸತ್ತವರನ್ನು ಯಾರಾದರೂ ನೋಡಿದ್ದೀರಾ? ಅದು ಸಾವಿನ ಕಾರಣವಲ್ಲ, ಸಾವೇ ಅದು. ಫಾರಂನಲ್ಲಿ ಒಂದರ ಕೆಳಗೆ ಒಂದು ಗೆರೆ ಇಟ್ಟಿರುವುದು ಯಾಕೆಂದರೆ ಹಿಂದಕ್ಕೆ ಹೋಗುತ್ತಾ ಬುಡ ಹುಡುಕಲಿ ಅಂತ. ಹೃದಯ ಯಾಕೆ ನಿಂತಿತು? ರಕ್ತ ಹೋಗಿ ಶಾಕ್ ಆಯಿತು. ರಕ್ತ ಯಾಕೆ ಹೋಯಿತು? ಹೆರಿಗೆಯಾದ ಮೇಲೆ ಗರ್ಭಕೋಶ ಬಿಗಿಯಾಗಲಿಲ್ಲ. ಬೇರೆಯವರು ತಡೆದುಕೊಳ್ಳುವಷ್ಟು ರಕ್ತಸ್ರಾವವನ್ನೂ ಇವಳು ಯಾಕೆ ತಡೆಯಲಿಲ್ಲ? ಮೊದಲೇ ರಕ್ತಹೀನತೆ ಇತ್ತು. ಈ ಕೊನೆಯ ಮಾತು ಬರೆದರೆ ಕಬ್ಬಿಣದ ಮಾತ್ರೆ, ರಕ್ತನಿಧಿ ಎಲ್ಲ ನೆನಪಾಗುತ್ತವೆ. “ಹೃದಯ ನಿಂತಿತು” ಅಂತ ಬರೆದರೆ ಏನೂ ನೆನಪಾಗುವುದಿಲ್ಲ. ದೇಶದಲ್ಲಿ 2020ರಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ಬರೆದುಕೊಟ್ಟದ್ದು ಶೇ. 22.5 ಮಾತ್ರ. ಅಷ್ಟರಲ್ಲೂ ಹೀಗೆ ಬರೆದರೆ ಉಳಿಯುವುದೆಷ್ಟು? ಆ ಫಾರಂ ಬರೆಯುವವರು ರಾತ್ರಿ ಎರಡು ಗಂಟೆಗೆ, ಅಳುವ ಮನೆಯವರ ಮಧ್ಯೆ ನಿಂತ ಚಿಕ್ಕ ವಯಸ್ಸಿನ ಡಾಕ್ಟರು. ಅವರಿಗೆ ಯಾರೂ ಕೂರಿಸಿ ಹೇಳಿಕೊಟ್ಟಿರುವುದಿಲ್ಲ.

ಇನ್ನೊಂದು ಅನ್ಯಾಯ ನಡೆಯುವುದು ಹೋಲಿಕೆಯಲ್ಲಿ. “ದೊಡ್ಡಾಸ್ಪತ್ರಿಗೆ ಹೋದ್ರ ಹೊಳ್ಳಿ ಬರಂಗಿಲ್ಲ” ಅಂತ ಜನ ಅನ್ನುತ್ತಾರೆ. ಮೀಟಿಂಗಿನಲ್ಲೂ ಬೇರೆ ಭಾಷೆಯಲ್ಲಿ ಅದೇ ಮಾತು. ಸುಮ್ನೆ ಒಂದು ಲೆಕ್ಕ ಹಾಕೋಣ. ನಿಜದ ಅಂಕಿ ಅಲ್ಲ, ಅರ್ಥವಾಗಲಿ ಅಂತ. ತಾಲ್ಲೂಕು ಆಸ್ಪತ್ರೆಯಲ್ಲಿ 1,000 ಹೆರಿಗೆ. ಅದರಲ್ಲಿ 900 ಸಲೀಸು, 100 ಕಷ್ಟದ್ದು. ಸಲೀಸಿನಲ್ಲಿ 9 ಮಕ್ಕಳು ಉಳಿಯಲಿಲ್ಲ, ಕಷ್ಟದ್ದರಲ್ಲಿ 10. ಒಟ್ಟು 19. ಜಿಲ್ಲಾ ಕೇಂದ್ರದಲ್ಲೂ 1,000. ಆದರೆ ದೇವದುರ್ಗ, ಲಿಂಗಸುಗೂರು, ಮಾನ್ವಿ ಎಲ್ಲ ಕಡೆಯಿಂದ ರೆಫರ್ ಆಗಿ ಬಂದ ಕಷ್ಟದ ಹೆರಿಗೆ 800, ಸಲೀಸು 200. ಸಲೀಸಿನಲ್ಲಿ 1, ಕಷ್ಟದ್ದರಲ್ಲಿ 48. ಒಟ್ಟು 49. ಮೇಲೆ ಹೋಗುವುದು 19 ಮತ್ತು 49. ತಾಲ್ಲೂಕಿನವರಿಗೆ ಚಪ್ಪಾಳೆ. ಬಿಡಿಸಿ ನೋಡಿ ಈಗ. ಸಲೀಸಿನಲ್ಲಿ ತಾಲ್ಲೂಕಿನದು ನೂರಕ್ಕೆ 1, ಜಿಲ್ಲೆಯದು ಅದರ ಅರ್ಧ. ಕಷ್ಟದ್ದರಲ್ಲಿ ತಾಲ್ಲೂಕಿನದು ನೂರಕ್ಕೆ 10, ಜಿಲ್ಲೆಯದು 6. ಎರಡರಲ್ಲೂ ಚೆನ್ನಾಗಿ ಮಾಡಿದವರೇ ಬೈಸಿಕೊಂಡರು.

ಇಂಥ ತಪ್ಪು ನಮ್ಮ ನಿಮ್ಮಂಥವರದು ಮಾತ್ರ ಅಂದುಕೊಳ್ಳಬೇಡಿ. ಆಸ್ಪತ್ರೆಯ ಲೆಕ್ಕಕ್ಕೆ ಮೊದಲು ಒಂದು ಶಿಸ್ತು ಬೇಕು ಅಂತ ಹಟ ಹಿಡಿದವರು ನರ್ಸಿಂಗ್ ಕೆಲಸಕ್ಕೆ ಬುನಾದಿ ಹಾಕಿದ ಇಂಗ್ಲೆಂಡಿನ ಫ್ಲಾರೆನ್ಸ್ ನೈಟಿಂಗೇಲ್. ಎಲ್ಲ ಆಸ್ಪತ್ರೆಗೂ ಒಂದೇ ನಮೂನೆಯ ಫಾರಂ ಇರಲಿ ಅಂತ 1860ರಲ್ಲಿ ಲಂಡನ್ನಿನ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಮ್ಮೇಳನಕ್ಕೆ ಸಲಹೆ ಕೊಟ್ಟವರು. ಅವರೇ 1863ರಲ್ಲಿ, ವಿಲಿಯಂ ಫಾರ್ ಅನ್ನುವ ಲೆಕ್ಕಿಗ ಮಾಡಿಕೊಟ್ಟ ಪಟ್ಟಿ ನೋಡಿ, ಲಂಡನ್ನಿನ 24 ಆಸ್ಪತ್ರೆಗಳ ಸಾವಿನ ಪ್ರಮಾಣ ನೂರಕ್ಕೆ 90ಕ್ಕಿಂತ ಜಾಸ್ತಿ ಅಂತ ಅಚ್ಚು ಹಾಕಿಸಿದರು. ನೂರರಲ್ಲಿ ತೊಂಬತ್ತು! ವರ್ಷವಿಡೀ ಸತ್ತವರನ್ನು, ಒಂದೇ ಒಂದು ದಿನ ಹಾಸಿಗೆಯಲ್ಲಿದ್ದವರ ಸಂಖ್ಯೆಯಿಂದ ಭಾಗಿಸಿದ್ದರು. ವರ್ಷದಲ್ಲಿ ಬಂದು ಗುಣವಾಗಿ ಹೋದವರೆಲ್ಲ ಲೆಕ್ಕದಿಂದ ಹೊರಗೆ. ಡಾಕ್ಟರುಗಳು ತಿರುಗಿಬಿದ್ದರು. ಮೇಲಿನ ಅಂಕಿ ಎಲ್ಲರೂ ನೋಡುತ್ತಾರೆ, ಕೆಳಗಿನದನ್ನು ಯಾರೂ ಕೇಳುವುದಿಲ್ಲ. ನಮ್ಮ ಮೀಟಿಂಗಿನಲ್ಲಿ “ಸಾವು 4” ಅಂದಾಗ “ಎಷ್ಟರಲ್ಲಿ?” ಅಂತ ಕೇಳಿದವರನ್ನು ಬೆರಳಲ್ಲಿ ಎಣಿಸಬಹುದು.

ಸಣ್ಣ ಎಣಿಕೆಯ ಕಥೆ ಇನ್ನೂ ಮಜಾ. 2018ರಲ್ಲಿ ನೀತಿ ಆಯೋಗದ ಮಹತ್ವಾಕಾಂಕ್ಷಿ ಜಿಲ್ಲೆಗಳ (ಅಂದರೆ ಹಿಂದುಳಿದಿವೆ, ಮೇಲೆತ್ತಬೇಕು ಅಂತ ಆರಿಸಿದ ಜಿಲ್ಲೆಗಳ) ಪಟ್ಟಿಗೆ ನಮ್ಮ ರಾಜ್ಯದಿಂದ ರಾಯಚೂರು, ಯಾದಗಿರಿ ಸೇರಿದವು. ಆಮೇಲೆ ಎಲ್ಲದಕ್ಕೂ ರ‍್ಯಾಂಕು, ಏರಿತೋ ಇಳಿಯಿತೋ ಅನ್ನುವ ತವಕ. ತಪ್ಪಲ್ಲ. ಆದರೆ ಕರ್ನಾಟಕದಷ್ಟು ದೊಡ್ಡ ರಾಜ್ಯದ ತಾಯಿ ಸಾವಿನ ಪ್ರಮಾಣವನ್ನೂ ಮೂರು ಮೂರು ವರ್ಷ ಒಟ್ಟು ಸೇರಿಸಿ ಕೊಡುತ್ತಾರೆ. 2018-20ಕ್ಕೆ ಅದು 1 ಲಕ್ಷ ಜೀವಂತ ಜನನಕ್ಕೆ 69, ಕೇರಳದ್ದು 19. ಒಂದೇ ವರ್ಷದ್ದು ಹಿಡಿದರೆ ಅಂಕಿ ಕುಣಿಯುತ್ತದೆ ಅಂತ ಅವರಿಗೆ ಗೊತ್ತು. ನಾವು ಒಂದು ತಾಲ್ಲೂಕಿನ ಒಂದು ತಿಂಗಳದ್ದು ಹಿಡಿದುಕೊಂಡು, 2 ಇದ್ದದ್ದು 3 ಆದರೆ “ಶೇ. 50 ಏರಿಕೆ” ಅಂತ ಬರೆದು ನೋಟಿಸ್ ಕೊಡುತ್ತೇವೆ. ಸ್ಟ್ಯಾಟಿಸ್ಟಿಕ್ಸ್ ಮೇಷ್ಟ್ರೊಬ್ಬರು ನನಗೆ ಹೇಳಿಕೊಟ್ಟ ಕೈಲೆಕ್ಕ ಒಂದಿದೆ. ಎಣಿಕೆ 25 ಆದರೆ ಅದರ ವರ್ಗಮೂಲ 5, ದುಪ್ಪಟ್ಟು 10. ಅಂದರೆ 15ರಿಂದ 35ರ ಒಳಗಿನ ಏರಿಳಿತ ಯಾರ ತಪ್ಪೂ ಇಲ್ಲದೆ, ಯಾರ ಸಾಧನೆಯೂ ಇಲ್ಲದೆ ಬರಬಹುದು. ಅದರೊಳಗೆ ಬೈಯುವುದೂ ದಂಡ, ಹಾರ ಹಾಕುವುದೂ ದಂಡ.

“ಹಾಗಾದರೆ ಸಣ್ಣ ಆಸ್ಪತ್ರೆಯಲ್ಲಿ ಎಣಿಸಿ ಏನು ಪ್ರಯೋಜನ?” ಅಂತ ಕೇಳಬಹುದು. ಪಕ್ಕದ ಬಳ್ಳಾರಿಯನ್ನು ನೆನಪಿಸಿಕೊಳ್ಳಿ. 2024ರ ನವೆಂಬರ್‌ನಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಕಾಯಿಲೆ ಬಿದ್ದರು. ಐದು ಜನ ತೀರಿಕೊಂಡರು. ಅವರಿಗೆ ಏರಿಸಿದ್ದ ಸಲೈನ್ ಮೇಲೆ ಅನುಮಾನ ಬಂತು, ರಾಜ್ಯದಲ್ಲೆಲ್ಲ ದೊಡ್ಡ ಸುದ್ದಿಯಾಯಿತು. ಯಾರ ತಪ್ಪು ಅಂತ ಹೇಳಲು ನಾನು ಯಾರೂ ಅಲ್ಲ. ರೆಕಾರ್ಡ್ ರೂಮಿನವನಿಗೆ ಬರುವ ಯೋಚನೆ ಬೇರೆ. ನಮ್ಮ ಕೇಸ್ ಶೀಟಿನಲ್ಲಿ ಏರಿಸಿದ ಬಾಟಲಿಯ ಬ್ಯಾಚ್ ನಂಬರ್ ಬರೆಯುತ್ತೇವಾ? ಇಂಥದ್ದು ನಾಳೆ ನಮ್ಮಲ್ಲಿ ಆದರೆ “ಕಾಯಿಲೆ ಬಿದ್ದವರಿಗೆ ಯಾವ ಬ್ಯಾಚು, ಬೀಳದವರಿಗೆ ಯಾವ ಬ್ಯಾಚು” ಅಂತ ಒಂದು ಗಂಟೆಯಲ್ಲಿ ಹೇಳಬಲ್ಲೆವಾ? ಆ ಎರಡನೇ ಪ್ರಶ್ನೆ ಮರೆಯಬೇಡಿ. ಬೀಳದವರ ಲೆಕ್ಕ ಇಲ್ಲದಿದ್ದರೆ ಬಿದ್ದವರ ಲೆಕ್ಕ ಏನನ್ನೂ ಹೇಳುವುದಿಲ್ಲ.

ಅಂಥ ಲಕ್ಷಣ ಮೊದಲು ಕಾಣಬೇಕಾದದ್ದು ವಾರ್ಡಿನ ಗೋಡೆಯ ಮೇಲೆ. ಒಂದು ಗ್ರಾಫ್ ಶೀಟು. ಕೆಳಗೆ ವಾರಗಳು. ಪ್ರತಿ ವಾರ ಒಂದು ಚುಕ್ಕೆ: ಸಿಸೇರಿಯನ್ ಆದವರಲ್ಲಿ ಎಷ್ಟು ಜನಕ್ಕೆ ತೊಂದರೆಯಾಗಿ ಐಸಿಯುಗೆ ಹೋಗಬೇಕಾಯಿತು, ಎಷ್ಟರಲ್ಲಿ ಎಷ್ಟು. ಹಳೆಯ ಚುಕ್ಕೆಗಳ ನಡುಮಧ್ಯೆ ಒಂದು ಗೆರೆ. ಚುಕ್ಕೆಗಳು ಗೆರೆಯ ಮೇಲೆ ಕೆಳಗೆ ಆಡುತ್ತಿದ್ದರೆ ಸರಿ, ಅದು ದಿನನಿತ್ಯದ ಕುಣಿತ. ಸತತ ಆರೆಂಟು ಚುಕ್ಕೆ ಒಂದೇ ಕಡೆ ಬಿದ್ದರೆ, ಅಥವಾ ಒಂದೇ ಚುಕ್ಕೆ ಎಲ್ಲರ ತಲೆ ಮೇಲೆ ಹಾರಿದರೆ, ಏನೋ ಬದಲಾಗಿದೆ. ಇದನ್ನು ಮೊದಲು ಕಾಣುವುದು ದಿನಾ ಆ ಗೋಡೆ ಮುಂದೆ ಓಡಾಡುವ ಸಿಸ್ಟರ್. ಬೆಂಗಳೂರಿಗೆ ತಿಂಗಳ ವರದಿ ಮುಟ್ಟುವಷ್ಟರಲ್ಲಿ ಬಾಟಲಿ ಎಲ್ಲ ಖಾಲಿಯಾಗಿರುತ್ತದೆ.

ಹಾವಿನ ವಿಷಯಕ್ಕೂ ಇದೇ ದಾರಿ. 2024ರ ಫೆಬ್ರವರಿಯಲ್ಲಿ ನಮ್ಮ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಒಳ್ಳೆಯ ಕೆಲಸ. ಸಿಂಧನೂರು, ಮಾನ್ವಿ ಕಡೆ ಭತ್ತದ ಗದ್ದೆಯಲ್ಲಿ ದುಡಿಯುವವರಿಗೆ ಅದರ ಬೆಲೆ ಗೊತ್ತು. ಆದರೆ ಆ ಅಂಕಿ ಮೇಲೆ ಹೋಗಿ ಕೂತರೆ ಏನು ಬಂತು? ಯಾವ ತಿಂಗಳು ಎಷ್ಟು ಜನ ಬಂದರು, ಕಡಿದ ಎಷ್ಟು ಹೊತ್ತಿಗೆ ಬಂದರು, ವಿಷ ಇಳಿಸುವ ಔಷಧಿ ಎಷ್ಟು ವಯಲ್ (ಸಣ್ಣ ಸೀಸೆ) ಹಿಡಿಯಿತು ಅನ್ನುವುದು ನಮ್ಮದೇ ಔಷಧಿ ಸ್ಟೋರಿನವರ ಕಣ್ಣ ಮುಂದೆ ಇರಬೇಕು. ವಿಷ ಏರಿದ್ದರೆ ಒಬ್ಬರಿಗೆ ಶುರುವಿಗೇ 10 ವಯಲ್‌ವರೆಗೆ ಬೇಕು. ಮುಂಗಾರಿಗೆ ಮೊದಲೇ ಆ ಲೆಕ್ಕದ ಮೇಲೆ ಇಂಡೆಂಟ್ (ಔಷಧಿ ಬೇಡಿಕೆ ಪಟ್ಟಿ) ಹಾಕಿದರೆ, ರಾತ್ರಿ ಬಂದವನನ್ನು “ಸ್ಟಾಕ್ ಇಲ್ಲ, ರಾಯಚೂರಿಗೆ ಹೋಗ್ರಿ” ಅಂತ 108ಕ್ಕೆ ಹತ್ತಿಸುವುದು ತಪ್ಪುತ್ತದೆ.

ನಾನು ಕೇಳುವುದು ಜಾಸ್ತಿ ಏನಲ್ಲ. ಪ್ರತಿ ತಾಲ್ಲೂಕು ಆಸ್ಪತ್ರೆಗೂ ಲೆಕ್ಕ ಗೊತ್ತಿರುವ ಒಬ್ಬರನ್ನು ಕೊಡಿ. ಟೈಪ್ ಮಾಡುವವರು ಇದ್ದಾರೆ, ಅವರು ಗುತ್ತಿಗೆಯವರು, ಸಂಬಳಕ್ಕೇ ಕಾಯುತ್ತಿರುತ್ತಾರೆ. ನಾನು ಹೇಳುತ್ತಿರುವುದು ಅಂಕಿ ನೋಡಿ “ಇದು ಯಾಕೋ ಸರಿ ಇಲ್ಲವಲ್ಲ” ಅನ್ನಬಲ್ಲವರು. ನಮ್ಮ ಮೆಡಿಕಲ್ ಕಾಲೇಜುಗಳ ಸಮುದಾಯ ವೈದ್ಯ ವಿಭಾಗಗಳಲ್ಲಿ ಇದನ್ನು ಪಾಠ ಮಾಡುವವರೇ ಇದ್ದಾರೆ. ತಿಂಗಳಿಗೊಮ್ಮೆ ಅವರು ತಾಲ್ಲೂಕಿಗೆ ಬಂದು ರಿಜಿಸ್ಟರ್ ಮುಂದೆ ಕೂತರೆ ಅವರ ವಿದ್ಯಾರ್ಥಿಗಳಿಗೂ ಪಾಠ, ನಮಗೂ ಪಾಠ. ಸಾವಿನ ಕಾರಣ ಬರೆಯುವುದನ್ನು ಹೊಸ ಡಾಕ್ಟರಿಗೆ ಅವರೇ ಅರ್ಧ ದಿನದಲ್ಲಿ ಕಲಿಸಬಹುದು.

ಎಲ್ಲಕ್ಕಿಂತ ಮೊದಲು ಮೀಟಿಂಗಿನ ರೀತಿ ಬದಲಿಸಿ. ತಾಯಿ ಸಾವಿನ ಪರಿಶೀಲನೆಯ ಆಶಯವೇ ಹೆಸರು ಹಿಡಿದು ದೂರಬಾರದು ಅನ್ನುವುದು. ಆದರೂ ಕಟಕಟೆಯಲ್ಲಿ ನಿಂತವಳ ಹಾಗೆ ಸಿಸ್ಟರ್ ಕಣ್ಣೀರು ಹಾಕುವುದನ್ನು ನಾನೇ ನೋಡಿದ್ದೇನೆ. ಒಂದು ಸಲ ಮಾಡಿ ನೋಡಿ. ಮುಂದಿನ ಮೀಟಿಂಗಿನಲ್ಲಿ 2.3 ಅಂತ ಬರೆದು ತಂದ ಸಿಸ್ಟರ್‌ನ ಎಲ್ಲರೆದುರು ಕರೆದು, “ನೀವು ನಿಜ ಬರೆದಿದ್ದೀರಿ, ಆ ಕೂಸು ಈಗ ಹೆಂಗೈತಿ?” ಅಂತ ಮಾತ್ರ ಕೇಳಿ. ಮೂರು ತಿಂಗಳಲ್ಲಿ ಜಿಲ್ಲೆಯ ಕಡಿಮೆ ತೂಕದ ಮಕ್ಕಳ ಲೆಕ್ಕ ಏರುತ್ತದೆ. ಆಗ ಗಾಬರಿಯಾಗಬೇಡಿ, ಪೇಪರಿನವರಿಗೂ ಮೊದಲೇ ಹೇಳಿಡಿ. ಆ ಮಕ್ಕಳು ಮೊದಲೂ ಇದ್ದರು.

ಗ್ರಾಫ್ ಶೀಟಿನ ಒಂದು ಕಟ್ಟು ತಂದಿಟ್ಟಿದ್ದೇನೆ. ಜಿಲ್ಲೆಯ ಯಾವ ಆಸ್ಪತ್ರೆ ಕರೆದರೂ ಬಸ್ ಹತ್ತಿ ಬರುತ್ತೇನೆ, ಭತ್ಯೆ ಬೇಡ, ಒಂದು ಕಪ್ ಚಹಾ ಸಾಕು. ಬರುವಾಗ ತಕ್ಕಡಿಗೆ ಸೆಲ್ಲನ್ನೂ ತರುತ್ತೇನೆ. ಯಾವ ಸೈಜಿನದು ಬೇಕು ಅಂತ ಮೊದಲೇ ತಿಳಿಸಿಬಿಡಿ.

ಇಂತಿ ನಿಮ್ಮ ವಿಶ್ವಾಸಿ,
ನಿವೃತ್ತ ರೆಕಾರ್ಡ್ ರೂಮ್ ನೌಕರ, ರಾಯಚೂರು ಜಿಲ್ಲೆ